ಕಾಫಿ ಪಾತ್ರೆಯ ಮೊದಲ ಸದ್ದು

ಬೆಳಿಗ್ಗೆ ಆರೂ ಮುಕ್ಕಾಲಿಗೆ ಇಸ್ಮತ್ ಕಾಫಿಯ ಪರ್ಕೊಲೇಟರನ್ನು ಒಲೆಯ ಮೇಲಿಟ್ಟಳು. ಬಲಗಿವಿಯ ಹಿಂದೆ ಸದ್ದು ಕೇಳಿಸುವ ಯಂತ್ರ ಕೂತಿತ್ತು, ಅದರ ಹಸಿರು ದೀಪ ಉರಿಯುತ್ತಿತ್ತು, ಬ್ಯಾಟರಿ ಭರ್ತಿ ಇತ್ತು. ಯಂತ್ರ ಚಾಲೂ ಆಗಿ ಎರಡನೇ ವಾರ ನಡೆಯುತ್ತಿದ್ದರೂ ಅದು ಕೇಳಿಸಿದ ಒಂದೇ ಒಂದು ಸದ್ದನ್ನೂ ಇದು ಇಂಥದ್ದು ಎಂದು ಗುರುತಿಸಲು ಅವಳಿಂದ ಆಗಿರಲಿಲ್ಲ.

ಇಸ್ಮತ್ ಗದುಗಿನವಳು. ಹುಬ್ಬಳ್ಳಿಯಲ್ಲಿ ಡಾಕ್ಟರಿಕೆ ಓದಿ, ಮದುವೆಯಾಗಿ, ಐರ್ಲೆಂಡಿನ ವಾಟರ್‌ಫರ್ಡಿನ ದೊಡ್ಡ ಆಸ್ಪತ್ರೆಗೆ ಮಕ್ಕಳ ವೈದ್ಯೆಯಾಗಿ ಬಂದವಳು. ಕಿವಿ ಕೈಕೊಡುತ್ತಿದೆ ಎಂಬ ಸುಳಿವು ಅವಳಿಗೆ ಮೊದಲು ಸಿಕ್ಕಿದ್ದು ಸ್ಟೆತಸ್ಕೋಪಿನಲ್ಲಿ. ಕೂಸಿನ ಎದೆಯ ಮೇಲೆ ಇಟ್ಟರೆ ಬಡಿತ ದೂರದಿಂದ ಬಂದಂತೆ ಕೇಳಿಸುತ್ತಿತ್ತು. ಉಪಕರಣದ್ದೇ ತಪ್ಪು ಎಂದು ಹೊಸದು ಕೊಂಡಳು, ಅದನ್ನೂ ಬದಲಾಯಿಸಿದಳು. ಆಮೇಲೆ ಬೆನ್ನ ಹಿಂದಿನಿಂದ ನರ್ಸ್‌ಗಳು ಕರೆದದ್ದು ಕೇಳದಾಯಿತು. ಒಳಗಿವಿಯ ಕಾಯಿಲೆ ಎಂದು ಗೊತ್ತಾಗುವ ಹೊತ್ತಿಗೆ ಎರಡೂ ಕಡೆ ಅರ್ಧಕ್ಕರ್ಧ ಹೋಗಿತ್ತು. ಹಿಯರಿಂಗ್ ಏಡ್‌ಗಳು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತ ಬಂದು ಕೊನೆಗೆ ಅವೂ ಕೈಚೆಲ್ಲಿದವು. ಆಸ್ಪತ್ರೆಯವರು ಅವಳನ್ನು ಬಿಡಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ರಕ್ತದ ರಿಪೋರ್ಟು, ಎಕ್ಸ್‌ರೇ ನೋಡಿ ಸಲಹೆ ಬರೆಯುವ ಕೆಲಸ ಕೊಟ್ಟರು. ಮಕ್ಕಳ ವಾರ್ಡು ಅದೇ ಕಟ್ಟಡದ ಇನ್ನೊಂದು ಮಹಡಿಯಲ್ಲಿತ್ತು. ಅವಳು ಅಲ್ಲಿಗೆ ಹೋಗುವುದನ್ನು ಬಿಟ್ಟಿದ್ದಳು.

ಮನೆಯಲ್ಲಿ ಮಾತು ತುಟಿಯ ಮೇಲೆ ನಡೆಯುತ್ತಿತ್ತು. ಗಂಡ ಹಬೀಬುಲ್ಲಾ ಬೆಂಗಳೂರಿನ ಶಿವಾಜಿನಗರದವನು, ಡಬ್ಲಿನ್ನಿನ ಲೆಪರ್ಡ್ಸ್‌ಟೌನ್‌ನಲ್ಲಿರುವ ಕಂಪನಿಗೆ ಹೆಚ್ಚಿನ ದಿನ ಮನೆಯ ಮೇಲಿನ ಕೋಣೆಯಿಂದಲೇ ಕೆಲಸ ಮಾಡುವವನು. ಅವನ ಉರ್ದು ಒಂದು ಥರ, ಇವಳದು ಇನ್ನೊಂದು ಥರ ಎಂದು ಮದುವೆಯ ಹೊಸತರಲ್ಲೇ ಇಬ್ಬರೂ ಕನ್ನಡದಲ್ಲಿ ರಾಜಿಯಾಗಿದ್ದರು. ಅವನ ತುಟಿಯನ್ನು ಅವಳು ಸಲೀಸಾಗಿ ಓದುತ್ತಿದ್ದಳು. ಓದಲಾಗದೇ ಇದ್ದದ್ದು ಮಗಳ ತುಟಿಯನ್ನು. ಅರೀಬಾ ಇಲ್ಲೇ ಹುಟ್ಟಿದವಳು, ಈಗ ಹದಿಮೂರು ತುಂಬಿದೆ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ವಾಟರ್‌ಫರ್ಡಿನ ಇಂಗ್ಲಿಷಿನಲ್ಲಿ, ಅದೂ ಬಾಯಿ ಪೂರ್ತಿ ತೆರೆಯದೆ, ಮಾತಿನ ಮೇಲೆ ಮಾತು ಹತ್ತಿಸಿಕೊಂಡು. ಮಗಳ ಧ್ವನಿಯನ್ನು ಇಸ್ಮತ್ ಸರಿಯಾಗಿ ಕೇಳಿದ್ದು ಹುಡುಗಿ ಮೂರನೇ ಕ್ಲಾಸಿನಲ್ಲಿದ್ದಾಗ. ಆಮೇಲೆ ಆ ಧ್ವನಿ ಬೆಳೆದು ಎಲ್ಲಿಗೆ ಹೋಗಿ ನಿಂತಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಅದನ್ನು ತಿಳಿಯಬೇಕು ಎಂಬ ಒಂದೇ ಕಾರಣಕ್ಕೆ ಅವಳು ಒಳಗಿವಿಗೆ ತಂತಿ ಇಳಿಸಿ ಹೊರಗಿನ ಯಂತ್ರಕ್ಕೆ ಜೋಡಿಸುವ ಕಾಕ್ಲಿಯರ್ ಇಂಪ್ಲಾಂಟ್ ಆಪರೇಷನ್ನಿಗೆ ಒಪ್ಪಿದ್ದು.

ಒಪ್ಪುವುದು ಸುಲಭವಿರಲಿಲ್ಲ. ಡಬ್ಲಿನ್ನಿನ ಸರ್ಜನ್ ಸುತ್ತು ಬಳಸದೆ ಹೇಳಿದ್ದ. ಬಲಗಿವಿಯಲ್ಲಿ ಅಷ್ಟಿಷ್ಟು ಉಳಿದಿರುವ ಶಕ್ತಿ ಹೋಗಬಹುದು, ಅದರ ಜಾಗಕ್ಕೆ ಏನು ಬರುತ್ತದೆ ಎಂದು ಯಾರೂ ಗ್ಯಾರಂಟಿ ಕೊಡುವುದಿಲ್ಲ. ಇಂಥ ವಾಕ್ಯಗಳನ್ನು ಎಷ್ಟೋ ಮಕ್ಕಳ ತಂದೆತಾಯಿಗಳಿಗೆ ಅವಳೇ ಹೇಳಿದ್ದಳು. ಮೇಜಿನ ಈಚೆ ಬದಿಯಲ್ಲಿ ಕೂತು ತುಟಿಯ ಮೇಲೆ ಓದಿಕೊಂಡಾಗ ಅದರ ಭಾರ ಬೇರೆಯೇ ಇತ್ತು.

ಯಂತ್ರವನ್ನು ಚಾಲೂ ಮಾಡಿದ ದಿನ ಮೂವರೂ ಡಬ್ಲಿನ್ನಿಗೆ ಹೋಗಿದ್ದರು. ಕಿವಿಯ ತಜ್ಞೆ ಕಂಪ್ಯೂಟರಿನ ಒಂದು ಗುಂಡಿ ಒತ್ತಿದಳು. ಇಸ್ಮತ್‌ಗೆ ತಲೆಯೊಳಗೆ ಸೈಕಲ್ ಬೆಲ್ಲುಗಳು ಉರುಳಿಬಿದ್ದಂತಾಯಿತು. ಹಬೀಬುಲ್ಲಾ ಮಾತಾಡಿದ, ಕೀಂ ಕೀಂ. ತಜ್ಞೆ ಮಾತಾಡಿದಳು, ಅದೂ ಕೀಂ ಕೀಂ. ಅರೀಬಾ ಮುಂದೆ ಬಾಗಿ ಏನೋ ಹೇಳಿದಳು. ಮಗಳ ದನಿ ಹೇಗೆ ಕೇಳಿಸಿತು ಎಂದು ತಜ್ಞೆ ಕಾಗದದ ಮೇಲೆ ಬರೆದು ಕೇಳಿದಾಗ ಇಸ್ಮತ್ ವೈದ್ಯರ ಅಭ್ಯಾಸದಂತೆ ಇದ್ದದ್ದನ್ನು ಇದ್ದಂತೆ ಹೇಳಿದಳು: ಎಣ್ಣೆ ಇಲ್ಲದ ಬಾಗಿಲು ತೆರೆದಂತೆ. ಅರೀಬಾ ಅಲ್ಲಿ ಎಲ್ಲರಿಗಿಂತ ಹೆಚ್ಚು ನಕ್ಕಳು. ಮನೆಗೆ ಬಂದ ಮೇಲೆ ಅಮ್ಮನ ಜೊತೆ ಮಾತಾಡುವುದನ್ನೇ ನಿಲ್ಲಿಸಿದಳು. ಊಟಕ್ಕೆ ಕೂತರೂ ಎದುರಿಗಿದ್ದ ಅಮ್ಮನಿಗೆ ಮೊಬೈಲಿನಲ್ಲಿ ಮೆಸೇಜು ಕಳಿಸುತ್ತಿದ್ದಳು: ಉಪ್ಪು ಕೊಡಿ.

ಮಿದುಳು ಇದನ್ನು ಹೊಸದಾಗಿ ಕಲಿಯಬೇಕು, ಪರಿಚಯದ ಸದ್ದುಗಳಿಂದ ಶುರು ಮಾಡಿ ಎಂದು ತಜ್ಞೆ ಹೇಳಿ ಕಳಿಸಿದ್ದಳು. ಇಸ್ಮತ್ ಶಿಸ್ತಿನಿಂದ ಕೂತಳು. ನಲ್ಲಿ ತಿರುಗಿಸಿದಳು, ಚಮಚ ಬಡಿದಳು, ಬಾಗಿಲು ಹಾಕಿ ತೆಗೆದಳು. ತೊಂದರೆ ಏನೆಂದರೆ ಆ ಸದ್ದುಗಳೆಲ್ಲ ಅವಳಿಗೆ ನೆನಪಿದ್ದವು. ನೆನಪಿನ ನಲ್ಲಿ ಸೊರ್ ಎನ್ನುತ್ತಿತ್ತು, ಯಂತ್ರದ ನಲ್ಲಿ ಗಾಜಿನ ಬಳೆ ಒಡೆದಂತೆ ಕಿಣಿಕಿಣಿ ಎನ್ನುತ್ತಿತ್ತು. ಇದು ಅದಲ್ಲ ಎಂದು ತಲೆ ಪ್ರತಿಸಲ ತಳ್ಳಿಹಾಕುತ್ತಿತ್ತು. ಗಂಡನ ಧ್ವನಿಯನ್ನೂ ಹಾಗೆಯೇ ತಳ್ಳಿತು. ಹಬೀಬುಲ್ಲಾನ ದಪ್ಪ ಗಂಟಲು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಅವನ ಬಾಯಿಂದ ಬರುತ್ತಿದ್ದ ಈ ಕೀಚು ದನಿ ಬೇರೆ ಯಾರದ್ದೋ ಆಗಿತ್ತು.

ಪರ್ಕೊಲೇಟರ್ ಮನೆಗೆ ಬಂದದ್ದು ಅವಳ ಕಿವಿ ಹೆಚ್ಚುಕಮ್ಮಿ ಪೂರ್ತಿ ಹೋದ ಮೇಲೆ. ಹಾಲು ಉಕ್ಕುವುದು ಕೇಳುವುದಿಲ್ಲ, ಕೆಟಲ್ ಕೂಗುವುದು ಕೇಳುವುದಿಲ್ಲ, ಒಮ್ಮೆ ಹೊಗೆಯ ಅಲಾರ್ಮು ಹೊಡೆದುಕೊಳ್ಳುತ್ತಿದ್ದಾಗ ಅವಳು ಅದರ ಕೆಳಗೇ ನಿಂತು ಈರುಳ್ಳಿ ಹೆಚ್ಚುತ್ತಿದ್ದಳು. ಹಳೆಯ ಸಾಮಾನು ಮಾರುವ ಅಂಗಡಿಯೊಂದರಲ್ಲಿ ಆ ಸ್ಟೀಲ್ ಪಾತ್ರೆ ಕಂಡಾಗ ಅವಳಿಗೆ ಹಿಡಿಸಿದ್ದು ಅದರ ಮುಚ್ಚಳದ ನೆತ್ತಿಯಲ್ಲಿದ್ದ ಗಾಜಿನ ಗುಬಟು. ಒಳಗೆ ಏನು ನಡೆಯುತ್ತಿದೆ ಎಂದು ಕಣ್ಣಿಗೇ ತೋರಿಸುವ ಪಾತ್ರೆ. ತಳದಲ್ಲಿ ನೀರು, ನಡುವೆ ನೆಟ್ಟಗೆ ನಿಂತ ಒಂದು ಕೊಳವೆ, ಕೊಳವೆಯ ಮೇಲ್ತುದಿಗೆ ತೂತುಗಳ ಬುಟ್ಟಿ, ಬುಟ್ಟಿಯಲ್ಲಿ ಪುಡಿ. ತಳದ ನೀರು ಕುದಿದು ಕೊಳವೆಯೊಳಗೆ ಚಿಮ್ಮಿ, ಗಾಜಿಗೆ ಬಡಿದು, ಪುಡಿಯ ಮೇಲೆ ಮಳೆಯಾಗಿ ಬಿದ್ದು, ಇಳಿದು, ಮತ್ತೆ ಚಿಮ್ಮುತ್ತದೆ.

ಮೊದಲ ದಿನ ಮಾಡಿದ್ದು ನಮ್ಮವರು ಮಾತ್ರ ಮಾಡುವ ತಪ್ಪು. ಬೆಂಗಳೂರಿನಿಂದ ತಂದಿದ್ದ ಫಿಲ್ಟರ್ ಪುಡಿಯನ್ನೇ ಬುಟ್ಟಿಗೆ ಸುರಿದಳು. ಕುಂಕುಮದಷ್ಟು ನುಣ್ಣಗಿನ ಪುಡಿ, ಸಾಲದ್ದಕ್ಕೆ ಚಿಕೋರಿ ಬೆರೆಸಿದ್ದು. ಚಿಕೋರಿ ನೀರು ಕುಡಿದು ಅಂಟಿನಂತಾಗಿ ತೂತುಗಳನ್ನೆಲ್ಲ ಮುಚ್ಚಿತು. ಮೇಲೆ ಬಿದ್ದ ನೀರಿಗೆ ಇಳಿಯಲು ದಾರಿ ಇಲ್ಲ, ಬುಟ್ಟಿ ತುಂಬಿ, ಮುಚ್ಚಳ ಎದ್ದು, ಒಲೆಯ ತುಂಬ ಕಪ್ಪು ಕೆಸರು. ಎರಡನೇ ದಿನ ಪುಡಿ ಕಡಿಮೆ ಹಾಕಿದರು, ಆದರೆ ಡಿಕಾಕ್ಷನ್ ಗಟ್ಟಿಯಾಗಲಿ ಎಂದು ಹಬೀಬುಲ್ಲಾ ಅದನ್ನು ಅರ್ಧ ಗಂಟೆ ಕುದಿಸಿದ. ಹಾಲು ಸಕ್ಕರೆ ಎಷ್ಟು ಸುರಿದರೂ ಅದು ಕಷಾಯವೇ. ಈ ಪಾತ್ರೆಯಿಂದ ಡಿಕಾಕ್ಷನ್ ಬರುವುದಿಲ್ಲ, ಬರುವುದು ಕಾಫಿ ಎಂಬುದನ್ನು ಒಪ್ಪಿಕೊಳ್ಳಲು ಅವನಿಗೆ ಒಂದು ತಿಂಗಳು ಹಿಡಿಯಿತು. ತನಗಂತೂ ಇದು ಕಾಫಿ ತೊಳೆದ ನೀರು ಎಂದು ಅಣಕಿಸುತ್ತಲೇ ಎರಡನೇ ಲೋಟಕ್ಕೆ ಕೈ ಚಾಚುತ್ತಿದ್ದ.

ಇಸ್ಮತ್ ಪ್ರಯೋಗ ಮಾಡಿ ಮಾಡಿ ಹದ ಹಿಡಿದಳು. ಚಿಕ್ಕಮಗಳೂರಿನ ಇಡಿ ಬೀಜ ತರಿಸಿ, ಉಪ್ಪಿಟ್ಟಿನ ರವೆಗಿಂತ ತುಸು ದಪ್ಪ ತರಿಯಾಗಿ ಒಡೆಯಬೇಕು. ನೀರು ತಣ್ಣಗಿರಬೇಕು, ಬುಟ್ಟಿಯ ತಳಕ್ಕೆ ತಾಗಬಾರದು. ಗಾಜಿನಲ್ಲಿ ಮೊದಲ ಚಿಮ್ಮು ಕಂಡ ಕೂಡಲೇ ಉರಿ ತಗ್ಗಿಸಬೇಕು. ಅಲ್ಲಿಂದ ಮುಂದೆ ಉರಿಯ ಕೆಲಸ ಚಿಮ್ಮನ್ನು ಬಿಡದಂತೆ ನೋಡಿಕೊಳ್ಳುವುದಷ್ಟೇ, ಓಡಿಸುವುದಲ್ಲ. ಗಾಜಿನೊಳಗಿನ ನೀರು ಬಿಳಿಯಿಂದ ಜೇನಿನ ಬಣ್ಣಕ್ಕೆ, ಜೇನಿನಿಂದ ಹುಣಸೆ ಬೀಜದ ಬಣ್ಣಕ್ಕೆ ತಿರುಗಿದಾಗ ಇಳಿಸಿ ಬುಟ್ಟಿ ತೆಗೆದುಬಿಡಬೇಕು. ಅಷ್ಟು ಮಾಡಿದರೆ ಸುಟ್ಟ ಕಹಿ ಇಲ್ಲದ, ಬೆಲ್ಲದ ಎಳೆ ಹಾದುಹೋದಂಥ ಕಾಫಿ. ಅವಳು ಇದನ್ನೆಲ್ಲ ಎರಡು ವರ್ಷ, ಪ್ರತಿ ಬೆಳಿಗ್ಗೆ, ಪೂರ್ತಿ ನಿಶ್ಶಬ್ದದಲ್ಲಿ ಮಾಡಿದ್ದಳು. ಪರ್ಕೊಲೇಟರ್ ಸದ್ದು ಮಾಡುತ್ತದೆ ಎಂದು ಅವಳಿಗೆ ತಿಳಿದಿತ್ತು. ಹೇಗೆ ಎಂದು ತಿಳಿದಿರಲಿಲ್ಲ.

ಯಂತ್ರ ಬಂದ ಮೇಲೆ ಅವಳು ಅದನ್ನು ಕಾಫಿ ಕುಡಿದಾದ ಮೇಲೆ ಹಾಕಿಕೊಳ್ಳುತ್ತಿದ್ದಳು. ದಿನದ ಮೊದಲ ಕಾಲು ಗಂಟೆಯಾದರೂ ಕೀಂ ಕೀಂ ಇಲ್ಲದೆ ಕಳೆಯಲಿ ಎಂದು. ಆ ಬೆಳಿಗ್ಗೆ ಮಾತ್ರ ಎದ್ದವಳೇ ಹಚ್ಚಿಕೊಂಡಳು, ಯಾಕೆಂದರೆ ಹಿಂದಿನ ರಾತ್ರಿ ಹಬೀಬುಲ್ಲಾನ ಜೊತೆ ಜಗಳವಾಗಿತ್ತು. ಇದನ್ನು ಡಬ್ಬಿಗೆ ಹಾಕಿ ಇಟ್ಟುಬಿಡುತ್ತೇನೆ ಎಂದು ಅವಳು ಅಂದಿದ್ದಳು, ದಿನಕ್ಕೆ ಅರ್ಧ ಹೊತ್ತು ತೆಗೆದೇ ಇಟ್ಟಿರುತ್ತೀಯ, ಅದು ಕಲಿಯುವುದು ಯಾವಾಗ ಎಂದು ಅವನು ಕೇಳಿದ್ದ. ಅವನ ಬಾಯಿ ಮುಚ್ಚಿಸುವುದಕ್ಕಾದರೂ ಇರಲಿ ಎಂದು ಅವಳು ಹಟದಿಂದ ಹಾಕಿಕೊಂಡಿದ್ದಳು. ತಲೆಯ ಮೇಲಿನ ದುಪಟ್ಟಾ ಯಂತ್ರದ ಮೈಕಿಗೆ ಉಜ್ಜಿ ಗರಗರ ಎನ್ನುತ್ತಿತ್ತು. ಅದನ್ನು ಹಿಂದಕ್ಕೆ ಸರಿಸಿ ಒಲೆಯ ಮುಂದೆ ನಿಂತಳು.

ಗಾಜಿನಲ್ಲಿ ಒಂದು ಚಿಮ್ಮು ಕಂಡಿತು. ಅದೇ ಗಳಿಗೆಗೆ ತಲೆಯೊಳಗೆ ಒಂದು ಟೊಕ್.

ಉರಿ ತಗ್ಗಿಸಿದಳು. ಗಾಜು ಖಾಲಿ ಇತ್ತು, ತಲೆಯೂ ಖಾಲಿ. ಆಮೇಲೆ ಗಾಜಿನಲ್ಲಿ ಇನ್ನೊಂದು ಚಿಮ್ಮು, ಇನ್ನೊಂದು ಟೊಕ್. ಮತ್ತೆ ಬಿಡುವು. ಮತ್ತೆ ಎರಡೂ ಒಟ್ಟಿಗೆ.

ಅವಳು ಗಾಜಿನ ಹತ್ತಿರಕ್ಕೆ ಬಾಗಿದಳು. ಮಾತಿನಲ್ಲಿ ಹೀಗೆ ಎಂದೂ ಆಗಿರಲಿಲ್ಲ, ಮಾತು ಒಂದರ ಮೇಲೊಂದು ಬಂದು ಬೀಳುತ್ತದೆ. ನಲ್ಲಿಯೂ ಹೀಗಲ್ಲ, ಅದಕ್ಕೆ ಬಿಡುವೇ ಇಲ್ಲ. ಇದು ಒಂದು ಸಲ ಚಿಮ್ಮಿ, ತಡೆದು, ನೋಡಿದೆಯಾ ಎಂದು ಕೇಳಿ, ಮತ್ತೆ ಚಿಮ್ಮುವ ಹಾಗಿತ್ತು. ಮುಖ್ಯವಾಗಿ, ಇದು ಹೀಗಿರಲಿಲ್ಲ ಎಂದು ತಕರಾರು ತೆಗೆಯಲು ತಲೆಯಲ್ಲಿ ಹಳೆಯ ಸದ್ದು ಇರಲಿಲ್ಲ. ಈ ಪಾತ್ರೆಯ ಸದ್ದು ಟೊಕ್ ಎಂದಿದ್ದರೆ ಟೊಕ್, ಅಷ್ಟೇ. ನೋಡನೋಡುತ್ತ ಆ ಟೊಕ್ ತಲೆಯೊಳಗಿನಿಂದ ಜಾರಿ ಹೊರಗೆ ಹೋಗಿ, ಒಲೆಯ ಮೇಲೆ, ಗಾಜಿನ ಒಳಗೆ ಕೂತುಬಿಟ್ಟಿತು.

ಕಿವಿಯ ಒಳಗಿನ ಹದಿನೈದು ಸಾವಿರ ಸೂಕ್ಷ್ಮ ಕೋಶಗಳು ಮಾಡುತ್ತಿದ್ದ ಕೆಲಸವನ್ನು ಈಗ ಇಪ್ಪತ್ತೆರಡು ತಂತಿಯ ತುದಿಗಳು ಮಾಡುತ್ತಿವೆ ಎಂದು ಅವಳಿಗೆ ಗೊತ್ತಿತ್ತು. ಓದಿದ್ದಳು, ಚಿತ್ರ ನೋಡಿದ್ದಳು, ಸರ್ಜನ್‌ಗೆ ಪ್ರಶ್ನೆ ಹಾಕಿದ್ದಳು. ಗೊತ್ತಿದ್ದದ್ದು ಈಗ ಎದುರಿಗೆ ನಿಂತಾಗ ಏನು ಮಾಡಬೇಕು ಎಂದು ತೋಚಲಿಲ್ಲ. ಹೆರಿಗೆ ಕೋಣೆಯಲ್ಲಿ ಉಸಿರಾಡದ ಕೂಸು ಕೈಯಲ್ಲಿ ಒಮ್ಮೆ ಮಿಸುಕಿದಾಗ ಆಗುವಂಥದ್ದು ಏನೋ ಆಯಿತು. ಅಲ್ಲಿ ಅವಳು ಡಾಕ್ಟರ್ ಆಗಿದ್ದಳು.

ಇಲ್ಲಿಯೂ ಡಾಕ್ಟರ್ ಬುದ್ಧಿ ಬಿಡಲಿಲ್ಲ. ಕಣ್ಣು ನೋಡಿದ್ದನ್ನು ಕಿವಿ ಕೇಳಿದಂತೆ ನಟಿಸುತ್ತಿರಬಹುದು, ಮಿದುಳು ಅಂಥ ಆಟ ಆಡುತ್ತದೆ. ಕಣ್ಣು ಮುಚ್ಚಿದಳು. ಟೊಕ್. ಟೊಕ್. ಆದರೂ ಲಯ ತಿಳಿದಿದ್ದರೆ ಯಾರು ಬೇಕಾದರೂ ಊಹಿಸಬಹುದು. ಇದನ್ನು ಒಬ್ಬಳೇ ಪರೀಕ್ಷೆ ಮಾಡಲು ಆಗುವುದಿಲ್ಲ ಎಂದು ಅವಳಿಗೆ ಹೊಳೆಯಿತು.

ಗಂಡನನ್ನು ಕೂಗಿದಳು. ತನ್ನ ದನಿ ತನಗೇ ಕೇಳದೆ ವರ್ಷಗಳಾಗಿದ್ದರಿಂದ ಅವಳ ಕೂಗು ಎಂದಿನಂತೆ ಬೀದಿಗೆ ಕೇಳುವಷ್ಟಿತ್ತು. ಹಬೀಬುಲ್ಲಾ ಏನೋ ಅನಾಹುತವಾಗಿದೆ ಎಂದುಕೊಂಡು ಅರ್ಧ ಗಡ್ಡ ಬೋಳಿಸಿದ ಮುಖದಲ್ಲೇ ಇಳಿದುಬಂದ. ಒಲೆ ನೆಟ್ಟಗಿತ್ತು, ಹೆಂಡತಿ ಕಣ್ಣು ಮುಚ್ಚಿ ಗೋಡೆಗೆ ಮುಖ ಮಾಡಿ ನಿಂತಿದ್ದಳು.

“ನೀ ಪಾತ್ರೆ ಉರಿಯಿಂದ ಎತ್ತು,” ಎಂದಳು. “ಯಾವಾಗ ಎತ್ತತೀ ಅಂತ ನನಗ ಹೇಳಬ್ಯಾಡ. ನನ್ನ ಮುಟ್ಟಲೂಬ್ಯಾಡ.”

ಅವನಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಬಟ್ಟೆ ಹಿಡಿದು ನಿಂತ. ಪಾತ್ರೆ ತನ್ನ ಪಾಡಿಗೆ ಟೊಕ್ ಎನ್ನುತ್ತಿತ್ತು. ನಿಧಾನಕ್ಕೆ, ಕಬ್ಬಿಣದ ಜಾಲರಿಗೆ ತಾಗದಂತೆ, ಪಾತ್ರೆಯನ್ನು ಎತ್ತಿ ಎದೆಯ ಮಟ್ಟಕ್ಕೆ ಹಿಡಿದ. ಕೊಳವೆಯಲ್ಲಿದ್ದ ಕೊನೆಯ ನೀರು ಒಮ್ಮೆ ಚಿಮ್ಮಿತು. ಆಮೇಲೆ ಇಲ್ಲ.

“ನಿಂತತು,” ಎಂದಳು ಇಸ್ಮತ್.

ಅವನು ಮತ್ತೆ ಉರಿಯ ಮೇಲಿಟ್ಟ. ಕಾಯಬೇಕಾಯಿತು. ಮೊದಲ ಚಿಮ್ಮು ಗಾಜಿಗೆ ಬಡಿದ ಕೂಡಲೇ ಅವಳು ಬೆರಳೆತ್ತಿದಳು. ಎರಡನೆಯದಕ್ಕೆ ಎತ್ತಿದಳು. ಅವನಿಗೆ ಈಗ ಅರ್ಥವಾಗಿತ್ತು, ಅರ್ಥವಾದದ್ದನ್ನು ನಂಬಲು ಧೈರ್ಯ ಬರಲಿಲ್ಲ. ಎರಡು ಚಿಮ್ಮಿಗೆ ಇಳಿಸಿದ, ಮತ್ತೆ ಇಟ್ಟ, ಐದು ಬಿಟ್ಟು ಇಳಿಸಿದ, ಉರಿ ಜೋರು ಮಾಡಿ ಒಂದರ ಹಿಂದೆ ಒಂದು ಓಡಿಸಿದ. ಗೋಡೆಗೆ ಮುಖ ಮಾಡಿದ ಹೆಂಗಸಿನ ಬೆರಳು ಗಾಜಿನೊಳಗಿನ ನೀರಿಗೆ ಕಟ್ಟಿದ ದಾರದಂತೆ ಏರಿ ಇಳಿಯುತ್ತಿತ್ತು. ನೀರು ನಿಂತರೆ ಬೆರಳು ನಿಲ್ಲುತ್ತಿತ್ತು. ಎತ್ತಿ ಇಳಿಸುವ ಆತುರಕ್ಕೆ ಒಂದಿಷ್ಟು ಬಿಸಿ ಕಾಫಿ ಹೆಬ್ಬೆರಳ ಮೇಲೆ ತುಳುಕಿತು, ಅದನ್ನು ಅವನು ಆಮೇಲೆ ನೋಡಿಕೊಂಡ.

ಶಾಲೆಯ ಯೂನಿಫಾರಮ್ಮಿನಲ್ಲಿ ಇಳಿದುಬಂದ ಅರೀಬಾ ಬಾಗಿಲಲ್ಲೇ ನಿಂತಳು. ಒಬ್ಬರು ಗೋಡೆ ನೋಡುತ್ತ ಬೆರಳೆತ್ತುತ್ತಿದ್ದಾರೆ, ಇನ್ನೊಬ್ಬರು ಮುಖದ ತುಂಬ ನೊರೆ ಹಚ್ಚಿಕೊಂಡು ಕಾಫಿ ಪಾತ್ರೆ ಎತ್ತಿ ಇಳಿಸುತ್ತಿದ್ದಾರೆ. ಇಬ್ಬರಿಗೂ ಒಟ್ಟಿಗೇ ತಲೆ ಕೆಟ್ಟಿದೆಯಾ ಅಥವಾ ಸರದಿಯ ಮೇಲಾ ಎಂದು ಅವಳು ತನ್ನ ಇಂಗ್ಲಿಷಿನಲ್ಲಿ ಅಪ್ಪನನ್ನು ಕೇಳಿದಳು. ಅವನು ತುಟಿಯ ಮೇಲೆ ಬೆರಳಿಟ್ಟು, ಪಾತ್ರೆ ತೋರಿಸಿ, ಅಮ್ಮನ ಬೆರಳು ತೋರಿಸಿದ. ಹುಡುಗಿ ನೋಡಿದಳು. ಬೆನ್ನಿನಿಂದ ಬ್ಯಾಗು ಇಳಿಸಿದಳು.

ಇಸ್ಮತ್ ಕಣ್ಣು ತೆರೆದು ತಿರುಗಿದಾಗ ಮಗಳು ಕಂಡಳು. ಅರೀಬಾಳ ಕೈ ಅಭ್ಯಾಸಬಲದಿಂದ ಮೊಬೈಲಿಗೆ ಹೋಗುತ್ತಿತ್ತು. ಇಸ್ಮತ್ ಆ ಕೈ ಹಿಡಿದಳು. ಅವಳ ತಲೆಯಲ್ಲಿ ಆ ಹೊತ್ತಿಗೆ ಒಂದು ಲೆಕ್ಕ ಓಡಿತ್ತು. ಪಾತ್ರೆ ಅವಳಿಗೆ ಒಂದೊಂದೇ ಹನಿ ಕೊಟ್ಟಿತ್ತು, ಕಣ್ಣಿಗೆ ತೋರಿಸಿ ಕೊಟ್ಟಿತ್ತು, ನಡುವೆ ಬಿಡುವು ಕೊಟ್ಟಿತ್ತು. ಮನುಷ್ಯರನ್ನು ಅವಳು ಹಾಗೆ ಕೇಳಿಯೇ ಇರಲಿಲ್ಲ.

ಬರೀ ಎರಡು ಶಬ್ದ ಹೇಳಬೇಕು, ಬೇರೇನೂ ಬೇಡ ಎಂದು ಅವಳು ಮಗಳಿಗೆ ತಿಳಿಸಿಕೊಟ್ಟಳು. ಅಮ್ಮಿ, ಕಾಫಿ. ಮೊದಲು ಮುಖ ತೋರಿಸಿ, ಒಂದೊಂದನ್ನೇ, ಪಾತ್ರೆಯ ಹಾಗೆ ತಡೆದು ತಡೆದು. ಆಮೇಲೆ ಹಿಂದೆ ನಿಂತು, ಮನಸ್ಸಿಗೆ ಬಂದದ್ದನ್ನು. ಬಾಗಿಲಿನ ಥರ ಕೇಳಿಸುತ್ತದಲ್ಲ ಎಂದು ಅರೀಬಾ ಕೈಯಲ್ಲೇ ಬಾಗಿಲು ತೆರೆದು ತೋರಿಸಿದಳು, ಹುಬ್ಬು ಹಾರಿಸಿ. ಅದು ಅಣಕವೂ ಹೌದು, ನೋವೂ ಹೌದು ಎಂದು ಇಸ್ಮತ್‌ಗೆ ಆಗ ತಿಳಿಯಿತು.

“ಬಾಗಲಾದ್ರ ಬಾಗಲು. ತಗದು ನೋಡೂಣು,” ಎಂದಳು.

ಹುಡುಗಿ ಅಮ್ಮನ ಎದುರು ನಿಂತು ಹೇಳಿದಳು. ಅಮ್ಮಿ. ಇಸ್ಮತ್‌ಗೆ ಎರಡು ಕಿರುಸದ್ದು, ಎರಡೂ ಮಿದು. ಕಾಫಿ. ಇದರಲ್ಲಿ ಮೊದಲು ಒಂದು ಬಡಿತ, ಕೊನೆಗೆ ಗಾಳಿ ಸೋರಿದಂತೆ. ಹಬೀಬುಲ್ಲಾ ಒಲೆ ಆರಿಸಿ ಮೂಲೆಗೆ ಸರಿದ. ಅರೀಬಾ ಅವೆರಡನ್ನೂ ಹತ್ತಾರು ಸಲ ಹೇಳಿದಳು, ಬೇಸರ ಮಾಡಿಕೊಳ್ಳದೆ, ಪುಟ್ಟ ಮಗುವಿಗೆ ಹೇಳಿಕೊಡುವವಳಂತೆ. ಆಮೇಲೆ ಬೆನ್ನ ಹಿಂದೆ ಹೋದಳು.

“ಕಾಫಿ,” ಎಂದಳು ಇಸ್ಮತ್. ಭುಜದ ಮೇಲೆ ಒಂದು ತಟ್ಟು, ಸರಿ ಎಂದು.

“ಅಮ್ಮಿ.” ತಟ್ಟು.

“ಅಮ್ಮಿ.” ತಟ್ಟು.

“ಕಾಫಿ.” ತಟ್ಟು ಬರಲು ತಡವಾಯಿತು, ಬಂದಾಗ ಆ ಕೈ ಭುಜದ ಮೇಲೇ ಉಳಿಯಿತು.

ಮುಂದಿನ ಸದ್ದು ಬಂತು. ಇಸ್ಮತ್ ಬಾಯಿ ತೆರೆದವಳು ಮುಚ್ಚಿದಳು. ಅದರಲ್ಲಿ ಬಡಿತವಿತ್ತು, ಆದರೆ ಕಾಫಿಯ ಬಡಿತವಲ್ಲ. ಒಂದೇ ತುಂಡು, ಕೊನೆಯಲ್ಲಿ ಮೂಗಿನೊಳಗೆ ಹೋಗಿ ನಿಂತಂಥದ್ದು.

“ಇನ್ನೊಮ್ಮೆ,” ಎಂದಳು. ಅದೇ ಸದ್ದು ಮತ್ತೆ ಬಂತು.

“ಏನಂದಿ ನನಗ ಗೊತ್ತಿಲ್ಲ. ಆದ್ರ ಎರಡೂ ಅಲ್ಲ ಅದು. ಮೋಸ ಮಾಡಾಕತ್ತಿ ನೀನು.”

ಮೂಲೆಯಲ್ಲಿ ಹಬೀಬುಲ್ಲಾ ಗೋಡೆಗೆ ಒರಗಿದ. ಮಗಳು ಹೇಳಿದ್ದು ‘ಗ್ರ್ಯಾಂಡ್’ ಎಂದು. ಊಟ ಹೇಗಿತ್ತು ಎಂದರೂ, ಪರೀಕ್ಷೆ ಹೇಗಾಯಿತು ಎಂದರೂ ಈ ಊರಿನ ಮಕ್ಕಳು ಚೆನ್ನಾಗಿತ್ತು ಎನ್ನಲು ಕೊಡುವ ಒಂದೇ ಉತ್ತರ. ಎರಡು ಶಬ್ದಗಳನ್ನು ಗುರುತಿಸುವುದು ಅಭ್ಯಾಸದಿಂದ ಬರುತ್ತದೆ ಎಂದು ಅವನು ಸಮಾಧಾನ ಹೇಳಿಕೊಳ್ಳಬಹುದಿತ್ತು. ಹೇಳಿಕೊಡದ ಮೂರನೆಯದನ್ನು ಇದು ನಮ್ಮ ಪೈಕಿ ಅಲ್ಲ ಎಂದು ಹಿಡಿದು ನಿಲ್ಲಿಸುವುದು ಹಾಗೆ ಬರುವಂಥದ್ದಲ್ಲ. ಕೇಳದವಳು ಹಾಗೆ ಮಾಡಲಾರಳು.

ಇಸ್ಮತ್ ಹಿಂದಿರುಗಿ ನೋಡಿದಳು. ಅರೀಬಾ ಟೈಯಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಆಮೇಲೆ ತುಟಿ ಕಾಣುವಂತೆ, ಬಾಯಿ ಪೂರ್ತಿ ತೆರೆದು, ಒಂದೊಂದು ಮಾತಿಗೂ ತಡೆದು, ಕನ್ನಡದಲ್ಲಿ ಕೇಳಿದಳು:

“ಈಗಲೂ... ಬಾಗಿಲ ಥರಾನೇ... ಇದೀನಾ?”

“ಹೂಂ,” ಎಂದಳು ಇಸ್ಮತ್. “ಆದ್ರ ನಮ್ಮನಿ ಬಾಗಲು.”

ಮೂವರೂ ನಿಂತುಕೊಂಡೇ ಕಾಫಿ ಕುಡಿದರು. ಎತ್ತಿ ಇಳಿಸಿ ಕುದಿಸಿದ್ದರಿಂದ ಅದು ಹದ ಮೀರಿ ಕಹಿಯಾಗಿತ್ತು, ಇವತ್ತು ಕೊನೆಗೂ ಡಿಕಾಕ್ಷನ್ ಬಂತು ಎಂದು ಹಬೀಬುಲ್ಲಾ ಹೇಳಿದ. ಆ ಹೊತ್ತಿಗೆ ಅರೀಬಾಳ ಬಸ್ಸು ಹೋಗಿಯಾಗಿತ್ತು. ಅವನು ಉಳಿದರ್ಧ ಗಡ್ಡ ಬೋಳಿಸಿಕೊಂಡು ಅವಳನ್ನು ಕಾರಿನಲ್ಲಿ ಶಾಲೆಗೆ ಬಿಟ್ಟುಬಂದ. ಮಗಳು ಮುಂದೆ ಕೂತಳು, ಇಸ್ಮತ್ ಯಾರ ತುಟಿಯೂ ಕಾಣದ ಹಿಂದಿನ ಸೀಟಿನಲ್ಲಿ ಕೂತು ಹೋದಳು.